ರೌಟರಿನ ಪೂರ್ವಾಶ್ರಮ

ಮನೆಗೊಂದು ರೌಟರ್ ಕೊಳ್ಳಲು ಹೊರಟ ಗೃಹಸ್ಥನು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೈದನ್ನು ಮೀರುವುದಿಲ್ಲ: ವೇಗವೆಷ್ಟು, ಒಳಕೋಣೆಗೆ ಸಿಗ್ನಲ್ ಮುಟ್ಟೀತೆ, ಆಂಟೆನಾಗಳೆಷ್ಟು, ಪಾಸ್‌ವರ್ಡ್ ಭದ್ರವೆ, ಬೆಲೆಯೇನು. ಅಂಗಡಿಯವನ ಉತ್ತರಗಳೂ ಡಬ್ಬದ ಮೇಲೆ ಅಚ್ಚಾಗಿರುವ ಅಂಕಿಗಳನ್ನು ದಾಟಿ ಹೋಗುವುದಿಲ್ಲ. ಸನ್ಯಾಸಿಯ ಪೂರ್ವಾಶ್ರಮವನ್ನು ವಿಚಾರಿಸಬಾರದೆಂಬುದು ನಮ್ಮಲ್ಲಿ ಶಿಷ್ಟಾಚಾರ. ಆದರೆ ಹಗಲಿರುಳೂ ಮನೆಯೊಳಗಿದ್ದು, ಮನೆಮಂದಿಯ ಪತ್ರವ್ಯವಹಾರವನ್ನೂ ಬ್ಯಾಂಕಿನ ಲೆಕ್ಕವನ್ನೂ ಹರಟೆಯನ್ನೂ ತನ್ನ ಮೂಲಕವೇ ಹೊರಕ್ಕೂ ಒಳಕ್ಕೂ ಸಾಗಗೊಡುವ ಯಂತ್ರದ ವಿಷಯದಲ್ಲಿ ಆ ಸಂಕೋಚಕ್ಕೆ ಕಾರಣವಿಲ್ಲ. ಗ್ರಾಹಕನ ಒಂದೊಂದು ಪ್ರಶ್ನೆಯೂ ಹಿಂದೊಮ್ಮೆ ಯಾವುದೋ ಪ್ರಯೋಗಶಾಲೆಯಲ್ಲಿಯೋ ಸಮಿತಿಯಲ್ಲಿಯೋ ಸರ್ಕಾರಿ ಕಚೇರಿಯಲ್ಲಿಯೋ ಎದ್ದು, ಅರೆಬರೆಯಾಗಿ ಉತ್ತರ ಪಡೆದುದೇ ಆಗಿದೆ. ಆ ಉತ್ತರಗಳನ್ನು ಕ್ರಮವಾಗಿ ನೋಡುತ್ತ ಬಂದರೆ, ಕೊಳ್ಳುವವನು ಮೊದಲು ಗಮನಿಸಬೇಕಾದುದು ವೇಗದ ಅಂಕಿಯಲ್ಲವೆಂಬುದು ತಾನಾಗಿ ಗೋಚರಿಸುತ್ತದೆ.

ನಿಸ್ತಂತು ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಬಹುಕಾಲ ಸರ್ಕಾರದ ಅನುಮತಿಯನ್ನು ಬೇಡುವ ಕಾರ್ಯವಾಗಿದ್ದಿತು. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಯು, ಪರವಾನಗಿಯಿಲ್ಲದೆ ಅಂಥ ಉಪಕರಣವನ್ನು ಹೊಂದಿರುವುದನ್ನೇ ನಿಷೇಧಿಸಿತು. ಬರಿಯ ಹಾಡು, ವಾರ್ತೆಗಳನ್ನು ಕೇಳಲೆಂದು ರೇಡಿಯೋ ಇಟ್ಟುಕೊಂಡ ಮನೆಯವರು ಕೂಡ ಅಂಚೆ ಕಚೇರಿಗೆ ಹೋಗಿ, ವರ್ಷವರ್ಷವೂ ಶುಲ್ಕ ಕಟ್ಟಿ, ಲೈಸೆನ್ಸನ್ನು ನವೀಕರಿಸಿಕೊಂಡು ಬರಬೇಕಾಗಿದ್ದ ಪದ್ಧತಿಯು 1980ರ ದಶಕದವರೆಗೂ ನಡೆದುಬಂದಿತು. ಕೇಳುವವನ ಪಾಡೇ ಹೀಗಿದ್ದ ಮೇಲೆ ತರಂಗಗಳನ್ನು ಹೊರಡಿಸುವವನ ಮಾತಂತೂ ದೂರವೇ ಉಳಿಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರೇಷಕಯಂತ್ರವನ್ನಿಟ್ಟು ಆಕಾಶವಾಣಿಯನ್ನಾರಂಭಿಸಿದುದು ಕನ್ನಡನಾಡಿನ ಪ್ರಸಾರದ ಚರಿತ್ರೆಯಲ್ಲಿ ಇಂದಿಗೂ ಗೌರವದಿಂದ ಸ್ಮರಿಸಲ್ಪಡುತ್ತಿರುವುದಕ್ಕೆ, ವಾಸದ ಮನೆಯೊಂದರಿಂದ ರೇಡಿಯೋ ತರಂಗಗಳು ಹೊರಡುವುದು ಅಂದು ಎಷ್ಟು ವಿರಳವಾಗಿದ್ದಿತೆಂಬುದೂ ಒಂದು ಕಾರಣ. ಇಂದು ಗೋಡೆಯ ಮೊಳೆಗೆ ತೂಗುಹಾಕಿರುವ ರೌಟರು ಮಾಡುತ್ತಿರುವುದು ತತ್ತ್ವತಃ ಅದೇ ಕಾರ್ಯವಾದರೂ, ಅದನ್ನು ತಂದವನು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿಲ್ಲ. ವಿರಳವಾದುದು ಸರ್ವಸಾಮಾನ್ಯವಾದ ಬಗೆ ಹೇಗೆಂಬುದೇ ಈ ಚರಿತ್ರೆಯ ಮೊದಲ ಅಧ್ಯಾಯ.

ಅದರ ಬೀಜ ಬಿದ್ದುದು ಸಂವಹನಕ್ಕೆ ಸಂಬಂಧವೇ ಇಲ್ಲದ ಒಂದು ನಿರ್ಣಯದಲ್ಲಿ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು, ರೇಡಿಯೋ ತರಂಗಗುಚ್ಛವನ್ನು ಹಡಗು, ವಿಮಾನ, ಪ್ರಸಾರ ಮೊದಲಾದ ಕೆಲಸಗಳಿಗೆ ಹಂಚುವ ಸಂದರ್ಭದಲ್ಲಿ, ಕೈಗಾರಿಕೆ, ವಿಜ್ಞಾನ, ವೈದ್ಯಗಳಲ್ಲಿ ಶಾಖ ಹುಟ್ಟಿಸುವುದೇ ಮುಂತಾದ ಉಪಯೋಗಗಳಿಗಾಗಿ ಕೆಲವು ಬ್ಯಾಂಡುಗಳನ್ನು ಪ್ರತ್ಯೇಕವಾಗಿ ಬಿಟ್ಟಿತು. 2.4 ಗಿಗಾಹರ್ಟ್ಸ್ ಸುತ್ತಲಿನ ಬ್ಯಾಂಡು ಅವುಗಳಲ್ಲೊಂದು. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸಮಾಡುವುದು ಇದರಲ್ಲಿಯೇ. ಒಲೆಗಳ ಗದ್ದಲದಿಂದ ಕಲುಷಿತವಾದ ಈ ಭಾಗವು ಸಂದೇಶ ಕಳುಹಿಸುವವರಿಗೆ ಬೇಡವಾಗಿ ಬಿದ್ದಿರಲು, 1985ರ ಮೇ ತಿಂಗಳಿನಲ್ಲಿ ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು, ತನ್ನ ಎಂಜಿನಿಯರಾದ ಮೈಕೆಲ್ ಮಾರ್ಕಸ್ ಅವರ ಪ್ರಯತ್ನದ ಫಲವಾಗಿ, ಇದನ್ನೂ ಇಂಥವೇ ಆದ ಇನ್ನೆರಡು ಬ್ಯಾಂಡುಗಳನ್ನೂ ಸಂವಹನಕ್ಕೆ ತೆರೆಯಿತು. ಸಂಕೇತವನ್ನು ಅಗಲವಾಗಿ ಹರಡಿ ಕಳುಹಿಸಬೇಕು, ಅದರ ಬಲ ಒಂದು ವಾಟನ್ನು ಮೀರಬಾರದು, ಇತರರಿಂದ ಬರುವ ಅಡಚಣೆಯನ್ನು ಸಹಿಸಿಕೊಳ್ಳಬೇಕು; ಇಷ್ಟಕ್ಕೆ ಒಪ್ಪಿದವರಿಗೆ ಪರವಾನಗಿ ಬೇಕಿಲ್ಲ. ನಮ್ಮ ಹಳ್ಳಿಗಳ ಗೋಮಾಳವನ್ನು ಕಂಡವರಿಗೆ ಈ ವ್ಯವಸ್ಥೆಯ ಗುಣವೂ ದೋಷವೂ ಒಡನೆಯೇ ಹೊಳೆದಾವು: ಯಾರೊಬ್ಬನ ಖಾತೆಯಲ್ಲಿಯೂ ಇಲ್ಲದುದರಿಂದ ಊರಿನ ಯಾವ ದನವಾದರೂ ಅಲ್ಲಿ ಮೇಯಬಹುದು, ಎಲ್ಲರ ದನವೂ ಮೇಯುವುದರಿಂದ ಯಾವ ದನಕ್ಕೂ ಹೊಟ್ಟೆತುಂಬ ಹುಲ್ಲು ಸಿಕ್ಕುವ ಭರವಸೆಯಿಲ್ಲ. ರೌಟರಿನ ವಿಷಯದಲ್ಲಿ ಮುಂದೆ ನಾವು ಕಾಣುವ ಬಹುತೇಕ ಸುಖದುಃಖಗಳು ಈ ಒಂದು ಸ್ಥಿತಿಯಿಂದ ಹೊರಟವು.

ಒಡೆಯನಿಲ್ಲದ ಆಕಾಶದಲ್ಲಿ ಹಲವರು ಏಕಕಾಲಕ್ಕೆ ಮಾತನಾಡತೊಡಗಿದರೆ ಗತಿಯೇನೆಂಬ ಪ್ರಶ್ನೆಗೆ ಉತ್ತರವು ಅದಕ್ಕೂ ಮೊದಲೇ ಹವಾಯಿ ದ್ವೀಪಗಳಲ್ಲಿ ದೊರಕಿದ್ದಿತು. ಅಲ್ಲಿಯ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು, ಚೆದುರಿದ ಕೇಂದ್ರಗಳನ್ನು ಹೊನೊಲುಲುವಿನ ಕಂಪ್ಯೂಟರಿಗೆ ರೇಡಿಯೋ ಮೂಲಕ ಜೋಡಿಸುವ 'ಅಲೋಹಾನೆಟ್' ಎಂಬ ಜಾಲವನ್ನು 1971ರಲ್ಲಿ ನಡೆಸತೊಡಗಿದರು. ಅದರ ನಿಯಮ ಅತಿ ಸರಳ: ಹೇಳುವುದಿದ್ದಾಗ ಹೇಳಿಬಿಡುವುದು, ಇನ್ನೊಬ್ಬರ ಮಾತಿನೊಡನೆ ಡಿಕ್ಕಿಯಾಗಿ ಉತ್ತರ ಬಾರದೆ ಹೋದರೆ, ಗೊತ್ತುಗುರಿಯಿಲ್ಲದಷ್ಟು ಹೊತ್ತು ತಡೆದು ಮತ್ತೆ ಹೇಳುವುದು. ಈ ಅಶಿಸ್ತಿನ ಶಿಸ್ತಿನಿಂದ ಒಟ್ಟು ಸಾಮರ್ಥ್ಯದಲ್ಲಿ ಸಾರ್ಥಕವಾಗುವುದು ಹೆಚ್ಚೆಂದರೆ ನೂರಕ್ಕೆ 18 ಭಾಗವೆಂದು ಗಣಿತವೇ ತೋರಿಸಿಕೊಟ್ಟಿತು. ಮುಂದಿನವರು, ಮಾತನಾಡುವ ಮೊದಲು ಮತ್ತಾರಾದರೂ ಮಾತನಾಡುತ್ತಿರುವರೇ ಎಂದು ಆಲಿಸುವ ವಿನಯವನ್ನು ಈ ನಿಯಮಕ್ಕೆ ಸೇರಿಸಿ ಅದನ್ನು ಬಹುಮಟ್ಟಿಗೆ ಸುಧಾರಿಸಿದರಾದರೂ ಮೂಲತತ್ತ್ವ ಬದಲಾಗಲಿಲ್ಲ. ಮನೆಯ ರೌಟರು ಇಂದಿಗೂ ಹೀಗೆಯೇ ಆಲಿಸುತ್ತದೆ, ಕಾಯುತ್ತದೆ, ಆಮೇಲೆ ನುಡಿಯುತ್ತದೆ. ಆದುದರಿಂದ ಡಬ್ಬದ ಮೇಲಿನ ವೇಗವೆಂಬುದು ಮನೆಯ ಎಲ್ಲ ಫೋನುಗಳೂ ಟಿವಿಗಳೂ, ಒಮ್ಮೊಮ್ಮೆ ನೆರೆಮನೆಯವೂ, ತಮ್ಮೊಳಗೆ ಹಂಚಿಕೊಳ್ಳಬೇಕಾದ ಒಂದು ಗರಿಷ್ಠ ಮಿತಿಯೇ ಹೊರತು ಯಾರೊಬ್ಬರ ಕೈಗೂ ಇಡಿಯಾಗಿ ಬರುವ ವಸ್ತುವಲ್ಲ.

ಗೃಹಸ್ಥನ ಈ ಯಂತ್ರಕ್ಕೆ ಮೂಲಪ್ರೇರಣೆಯನ್ನು ಒದಗಿಸಿದುದು ಗೃಹವಲ್ಲ, ಅಂಗಡಿ. ಹಣಕಾಸಿನ ಲೆಕ್ಕವಿಡುವ ಕ್ಯಾಷ್ ರಿಜಿಸ್ಟರುಗಳನ್ನು ತಯಾರಿಸುತ್ತಿದ್ದ ಅಮೆರಿಕದ ಎನ್‌ಸಿಆರ್ ಕಂಪನಿಯು, ದೊಡ್ಡ ಮಳಿಗೆಗಳಲ್ಲಿ ಆ ಯಂತ್ರಗಳನ್ನು ತಂತಿಯ ಹಂಗಿಲ್ಲದೆ ಜೋಡಿಸಬಹುದೇ ಎಂದು 1985ರ ಆದೇಶದ ತರುವಾಯ ವಿಚಾರಮಾಡಿತು. ಕೆಲಸ ನೆದರ್ಲೆಂಡ್ಸ್ ದೇಶದಲ್ಲಿದ್ದ ಅದರ ಎಂಜಿನಿಯರುಗಳ ಪಾಲಿಗೆ ಬಂದು, 'ವೇವ್‌ಲ್ಯಾನ್' ಎಂಬ ಉಪಕರಣವಾಗಿ ಫಲಿಸಿತು. ಆದರೆ ಒಬ್ಬ ತಯಾರಕನ ಯಂತ್ರ ಇನ್ನೊಬ್ಬನ ಯಂತ್ರದೊಡನೆ ಮಾತನಾಡದಿದ್ದರೆ ಜಾಲ ಬೆಳೆಯುವಂತಿರಲಿಲ್ಲ. 1990ರಲ್ಲಿ ಏರ್ಪಟ್ಟ 802.11 ಎಂಬ ಸಮಿತಿಯ ಅಧ್ಯಕ್ಷಸ್ಥಾನದಲ್ಲಿ ಅದೇ ಕಂಪನಿಯ ವಿಕ್ ಹೇಯ್ಸ್ ಅವರು ಹತ್ತು ವರ್ಷಗಳ ಕಾಲ ಕುಳಿತು, ಪರಸ್ಪರ ಪೈಪೋಟಿಯ ಕಂಪನಿಗಳಿಂದ ಸಮ್ಮತಿಯನ್ನು ಪಡೆಯುವ ಕಷ್ಟಸಾಧ್ಯ ಕಾರ್ಯವನ್ನು ನಡೆಸಿದರು. 1997ರಲ್ಲಿ ಹೊರಬಂದ ಮೊದಲ ಮಾನಕವು ಸೆಕೆಂಡಿಗೆ ಬರಿಯ 1 ಅಥವಾ 2 ಮೆಗಾಬಿಟ್ ವೇಗದ್ದು. 1999ರಲ್ಲಿ ಎರಡು ಶಾಖೆಗಳು ಒಡೆದುವು: ಒಂದು 2.4 ಗಿಗಾಹರ್ಟ್ಸ್‌ನಲ್ಲಿ 11 ಮೆಗಾಬಿಟ್ಟಿನದು, ಇನ್ನೊಂದು 5 ಗಿಗಾಹರ್ಟ್ಸ್‌ನಲ್ಲಿ 54 ಮೆಗಾಬಿಟ್ಟಿನದು. ಇಂದು ಅಂಗಡಿಯವನು 'ಡ್ಯುಯಲ್ ಬ್ಯಾಂಡ್' ಎಂದು ಕೊಂಡಾಡುವ ಗುಣದ ಮೂಲ ಈ ಕವಲೊಡೆದ ವರ್ಷದಲ್ಲಿದೆ. ತಯಾರಕರ ಒಕ್ಕೂಟವೊಂದು ಯಂತ್ರಗಳ ಹೊಂದಾಣಿಕೆಯನ್ನು ಪರೀಕ್ಷಿಸಿ ವೈ-ಫೈ ಮುದ್ರೆಯನ್ನೊತ್ತುವ ವ್ಯವಸ್ಥೆಗೂ ಅದೇ ವರ್ಷ ಅಸ್ತಿಭಾರ ಬಿದ್ದಿತು.

ಮಳಿಗೆಯ ವಸ್ತು ಮನೆಯ ಹೊಸ್ತಿಲನ್ನು ದಾಟಿದುದು 1999ರ ಜುಲೈ ತಿಂಗಳಲ್ಲೆನ್ನಬಹುದು. ಆ ತಿಂಗಳು ನ್ಯೂಯಾರ್ಕಿನ ಸಭೆಯೊಂದರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಅಂತರ್ಜಾಲದ ಪುಟವನ್ನು ತೋರಿಸುತ್ತಿದ್ದ ಲ್ಯಾಪ್‌ಟಾಪನ್ನು ಎತ್ತಿಹಿಡಿದು, ಎಲ್ಲಿಯೂ ತಂತಿಯಿಲ್ಲವೆಂದು ಸಭಿಕರಿಗೆ ನಂಬಿಕೆ ಬರುವಂತೆ, ಇಂದ್ರಜಾಲಿಗರ ರೀತಿಯಲ್ಲಿ ದೊಡ್ಡದೊಂದು ಬಳೆಯನ್ನು ಅದರ ಸುತ್ತ ಹಾಯಿಸಿದರು. 'ಏರ್‌ಪೋರ್ಟ್' ಎಂಬ ಆ ಪೆಟ್ಟಿಗೆಯ ಬೆಲೆ 299 ಡಾಲರು. ಅದರೊಳಗೆ ದೂರವಾಣಿ ತಂತಿಗೆ ಸಿಕ್ಕಿಸುವ 56 ಕಿಲೋಬಿಟ್ ಮೋಡೆಮ್ ಕೂಡ ಇದ್ದಿತೆಂಬುದನ್ನು ಮರೆಯಬಾರದು: ಮನೆಯೊಳಗೆ ಗಾಳಿಯಲ್ಲಿ 11 ಮೆಗಾಬಿಟ್ ಹರಿಸಬಲ್ಲ ಯಂತ್ರವು ಹೊರಗಿನಿಂದ ಪಡೆಯುತ್ತಿದ್ದುದು ಅದರ ಸುಮಾರು ಇನ್ನೂರರಲ್ಲೊಂದು ಪಾಲು ಮಾತ್ರ. ಹೊರಗಿನ ಲೈನು ಕಿರಿದಾಗಿರುವಾಗ ಒಳಗಿನ ವೇಗಕ್ಕೆ ಹಣ ಸುರಿಯುವ ಅಭ್ಯಾಸ, ಹೀಗೆ, ಈ ಯಂತ್ರದೊಡನೆಯೇ ಹುಟ್ಟಿತು.

ತರಂಗಗಳ ಕಥೆ ಪೆಟ್ಟಿಗೆಯ ಅರ್ಧ ಮಾತ್ರ, ಉಳಿದರ್ಧ ದ್ವಾರಪಾಲಕನದು. ಅಂತರ್ಜಾಲದ ವಿಳಾಸಗಳು ಆದಿಯಲ್ಲಿ ಸುಮಾರು 430 ಕೋಟಿಗೆ ಸೀಮಿತವಾಗಿ ರಚಿತವಾಗಿದ್ದುದರಿಂದ, ಅವು ತೀರಿಹೋಗುವ ಭಯ 1990ರ ದಶಕದ ಆರಂಭದಲ್ಲಿಯೇ ತಲೆದೋರಿತು. ಒಂದೇ ಹೊರವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ನಿಲ್ಲಿಸಿ, ಹೋಗುವ ಬರುವ ಪೊಟ್ಟಣಗಳ ಮೇಲಿನ ವಿಳಾಸಗಳನ್ನು ಬಾಗಿಲಲ್ಲಿಯೇ ತಿದ್ದುವ ಉಪಾಯವನ್ನು ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬವರು 1994ರಲ್ಲಿ ವಿವರಿಸಿದರು, 1996ರಲ್ಲಿ 192.168 ಎಂದು ಮೊದಲಾಗುವ ಸಾಲೂ ಸೇರಿದಂತೆ ಕೆಲವು ವಿಳಾಸಗಳು ಮನೆ ಕಚೇರಿಗಳ ಒಳಬಳಕೆಗೆಂದು ಮೀಸಲಾದುವು. ತಾತ್ಕಾಲಿಕವೆಂದು ಬಂದ ಈ ಉಪಾಯವೇ ನೆಲೆನಿಂತು, ಒಂದು ಸಂಪರ್ಕವನ್ನು ಇಡಿಯ ಸಂಸಾರ ಹಂಚಿಕೊಳ್ಳುವುದು ಸಾಧ್ಯವಾಯಿತು. ಅದರೊಡನೆ ಇನ್ನೊಂದು ಪರಿಣಾಮವೂ ಉಂಟಾಯಿತು: ಸಂಸಾರದ ಸಮಸ್ತ ವ್ಯವಹಾರವೂ ಒಂದೇ ಬಾಗಿಲಿನಲ್ಲಿ ಹಾದುಹೋಗಬೇಕಾಗಿ, ಆ ಬಾಗಿಲು ಯಾರ ಅಂಕೆಯಲ್ಲಿದೆಯೆಂಬುದು ಪೆಟ್ಟಿಗೆಯ ಆಯ್ಕೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆಯಾಗಿ ನಿಂತಿತು.

ಆ ಬಾಗಿಲಿಗೆ ಹಾಕಿದ ಮೊದಲ ಬೀಗದ ಕಥೆ ಕೀರ್ತಿಕರವಾದುದಲ್ಲ. 1997ರ ಮಾನಕದೊಡನೆ ಬಂದ 'ವೆಪ್' ಎಂಬ ಗೂಢಲಿಪಿಯ ಕ್ರಮವು ತಂತಿಯಷ್ಟೇ ಗೋಪ್ಯತೆಯನ್ನು ಕೊಡುವುದಾಗಿ ಸಾರಿದ್ದಿತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ಅದರ ಆಧಾರವಾದ ಗಣಿತಕ್ರಮದಲ್ಲಿದ್ದ ದೌರ್ಬಲ್ಯವನ್ನು ಬಯಲಿಗೆಳೆದರು. ಗಾಳಿಯಲ್ಲಿ ಹಾರುವ ಪೊಟ್ಟಣಗಳನ್ನು ಸಾಕಷ್ಟು ಹಿಡಿದಿಟ್ಟವನಿಗೆ ಬೀಗದ ಕೈ ತಾನಾಗಿ ದೊರೆಯುವಂತಾಯಿತು. 2003ರಲ್ಲಿ 'ಡಬ್ಲ್ಯುಪಿಎ', 2004ರಲ್ಲಿ ಅದರ ಎರಡನೆಯ ರೂಪ ಬಂದುವು. ಹದಿಮೂರು ವರ್ಷ ನಂಬಿಕೆಗೆ ಪಾತ್ರವಾಗಿದ್ದ ಈ ಎರಡನೆಯದರಲ್ಲಿಯೂ ಬೆಲ್ಜಿಯಮ್ ದೇಶದ ಮ್ಯಾಥಿ ವ್ಯಾನ್‌ಹೋಫ್ ಅವರು 2017ರಲ್ಲಿ ಬಿರುಕೊಂದನ್ನು ಕಂಡುಹಿಡಿದರು. ಮರುವರ್ಷ ಮೂರನೆಯ ರೂಪ ಪ್ರಕಟವಾಯಿತು. ಇದರಿಂದ ತಿಳಿಯುವುದು ಇಷ್ಟು: ಬೀಗವು ಕೊಂಡ ದಿನ ಭದ್ರವಾಗಿದ್ದರೆ ಸಾಲದು, ಅದು ಸಡಿಲವಾದಾಗ ಬಂದು ಸರಿಪಡಿಸುವವರು ಇರಬೇಕು.

ಸರಿಪಡಿಸುವ ಹಕ್ಕು ಯಾರದು ಎಂಬ ವಿಚಾರದಲ್ಲಿ ಸ್ಮರಣೀಯವಾದ ಪ್ರಸಂಗವೊಂದು ಲಿಂಕ್‌ಸಿಸ್ ಕಂಪನಿಯ 'ಡಬ್ಲ್ಯುಆರ್‌ಟಿ54ಜಿ' ಎಂಬ ನೀಲಿ–ಕಪ್ಪು ಪೆಟ್ಟಿಗೆಗೆ ಸೇರಿದ್ದು. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ರೌಟರಿನೊಳಗೆ ನಡೆಯುತ್ತಿರುವ ತಂತ್ರಾಂಶವು ಲಿನಕ್ಸ್ ಎಂಬುದನ್ನು ಕುತೂಹಲಿಗಳು 2003ರಲ್ಲಿ ಪತ್ತೆಮಾಡಿದರು. ಲಿನಕ್ಸನ್ನು ಬಳಸಿ ಹಂಚುವವರು ಅದರ ಮೂಲಪಾಠವನ್ನೂ ಹಂಚಬೇಕೆಂಬ ಷರತ್ತಿರುವುದರಿಂದ, ಅಷ್ಟರಲ್ಲಿ ಲಿಂಕ್‌ಸಿಸ್ಸನ್ನು ಕೊಂಡಿದ್ದ ಸಿಸ್ಕೊ ಸಂಸ್ಥೆಯು ಆ ಪಾಠವನ್ನು ಪ್ರಕಟಿಸಬೇಕಾಯಿತು. ಅದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಸ್ವತಂತ್ರ ತಂತ್ರಾಂಶ ಮೈದಳೆಯಿತು. ತಯಾರಕನು ಕೈಬಿಟ್ಟ ಪೆಟ್ಟಿಗೆಗಳಿಗೂ ಅದರ ಮೂಲಕ ಮರುಹುಟ್ಟು ದೊರೆಯತೊಡಗಿತು. ಕಂಪನಿಯು 2005ರಲ್ಲಿ ಬೇರೆಯ ತಂತ್ರಾಂಶವನ್ನೂ ಕಡಿಮೆ ಸ್ಮೃತಿಯನ್ನೂ ಇಟ್ಟು ಅದೇ ಹೆಸರಿನಲ್ಲಿ ಅಗ್ಗದ ಪೆಟ್ಟಿಗೆಯನ್ನು ಹೊರತಂದಿತಾದರೂ, ಹಳೆಯ ಬಗೆಯದನ್ನೇ ಬಯಸುವವರಿಗಾಗಿ ಇನ್ನೊಂದು ಮಾದರಿಯನ್ನೂ ಮಾರಾಟಕ್ಕಿಡಬೇಕಾಯಿತು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಪೆಟ್ಟಿಗೆಗಳಲ್ಲಿ ಒಂದು ಕೊಂಡವನಿಗೆ ವಿಧೇಯವಾಗಿಯೂ ಇನ್ನೊಂದು ತಯಾರಕನಿಗಷ್ಟೇ ವಿಧೇಯವಾಗಿಯೂ ಇರಬಹುದೆಂಬುದನ್ನು ಸಾಮಾನ್ಯ ಗ್ರಾಹಕರು ಪ್ರತ್ಯಕ್ಷವಾಗಿ ಕಂಡುದು ಇಲ್ಲಿ.

ಇನ್ನು ಗೋಡೆಗಳ ಮಾತು. ಬಯಲಿನಲ್ಲಿ ನೇರವಾಗಿ ಸಾಗುವ ತರಂಗವು ಮನೆಯೊಳಗೆ ಗೋಡೆ, ಬೀರು, ಕನ್ನಡಿಗಳಿಗೆ ತಾಗಿ ಪ್ರತಿಫಲಿಸಿ, ಒಂದೇ ಸಂದೇಶದ ಹಲವು ಪ್ರತಿಗಳು ಹಿಂದುಮುಂದಾಗಿ ಬಂದು ಒಂದರ ಮೇಲೊಂದು ಬೀಳುತ್ತವೆ. ಜಾನ್ ಒಸಲಿವನ್ ಎಂಬ ಖಗೋಳವಿಜ್ಞಾನಿ 1970ರ ದಶಕದಲ್ಲಿ, ಸಿಡಿಯುವ ಸಣ್ಣ ಕಪ್ಪುಕುಳಿಗಳಿಂದ ಬರಬಹುದಾದ ರೇಡಿಯೋ ಮಿಡಿತಗಳನ್ನು ಹುಡುಕಿ ವಿಫಲರಾಗಿದ್ದರು. ಮಸುಕಾದ ಸಂಕೇತವನ್ನು ತಿಳಿಯಾಗಿಸುವ ಆ ಗಣಿತದ ಪರಿಚಯ ಮಾತ್ರ ಉಳಿದಿದ್ದಿತು. ಮುಂದೆ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಅವರೂ ಸಂಗಡಿಗರೂ, ವೇಗದ ಒಂದು ಪ್ರವಾಹವನ್ನು ನಿಧಾನವಾದ ಹಲವು ತೊರೆಗಳಾಗಿ ಒಡೆದು ಒಟ್ಟಿಗೆ ಕಳುಹಿಸುವ ಕ್ರಮವನ್ನು ರೂಪಿಸಿ, 1996ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಹಲವು ಕಂಪನಿಗಳು ಮೊಕದ್ದಮೆಗಳ ತರುವಾಯ 2009 ಮತ್ತು 2012ರಲ್ಲಿ ಒಟ್ಟು 40 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮಿಕ್ಕ ಹಣವನ್ನು ಆ ಸಂಸ್ಥೆಗೆ ತೆತ್ತುವು.

ಪ್ರತಿಫಲನವನ್ನು ಶತ್ರುವೆಂದು ಎಣಿಸುವ ಬದಲು ಅದನ್ನೇ ಮಿತ್ರನನ್ನಾಗಿ ಮಾಡಿಕೊಂಡವರು ಆರೋಗ್ಯಸ್ವಾಮಿ ಪಾಲ್‌ರಾಜ್. ಭಾರತದ ನೌಕಾಪಡೆಯಲ್ಲಿದ್ದು, ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಕೇಂದ್ರದ ಸ್ಥಾಪನೆಗೆ ಕಾರಣರಾಗಿ, ಅನಂತರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದ ಇವರು, ಥಾಮಸ್ ಕೈಲಾತ್ ಅವರೊಡನೆ 1992ರಲ್ಲಿ ಸಲ್ಲಿಸಿದ ಪೇಟೆಂಟಿನಲ್ಲಿ, ಹಲವು ಆಂಟೆನಾಗಳಿಂದ ಹಲವು ಆಂಟೆನಾಗಳಿಗೆ ಒಂದೇ ಬ್ಯಾಂಡಿನಲ್ಲಿ ಬೇರೆಬೇರೆ ಸಂದೇಶಗಳನ್ನು ಏಕಕಾಲಕ್ಕೆ ಕಳುಹಿಸುವ ತತ್ತ್ವವನ್ನು ಮುಂದಿಟ್ಟರು. ಸಂದೇಶಗಳು ಬೇರೆಬೇರೆ ದಾರಿಯಲ್ಲಿ ಬಡಿದು ಬರುವುದೇ ಅವುಗಳನ್ನು ಬಿಡಿಸಿ ಓದಲು ಸಹಾಯಕವಾಗುತ್ತದೆ. 2009ರ ಮಾನಕದಲ್ಲಿ ಈ ತತ್ತ್ವ ಸೇರಿದ ಮೇಲೆ ರೌಟರುಗಳ ಬೆನ್ನಮೇಲೆ ಆಂಟೆನಾಗಳು ಸಾಲಾಗಿ ಎದ್ದುನಿಂತುವು. ಆದರೆ ಕಳುಹಿಸುವ ಕಡೆ ಎಷ್ಟಿವೆಯೋ ಪಡೆಯುವ ಕಡೆಯೂ ಅಷ್ಟಿದ್ದಾಗಲೇ ಪೂರ್ಣಫಲ. ಕೈಯ ಫೋನಿನಲ್ಲಿ ಸಾಮಾನ್ಯವಾಗಿ ಒಂದೆರಡು ಆಂಟೆನಾಗಳಷ್ಟೇ ಇರುವಾಗ, ಎಂಟು ಕೊಂಬಿನ ಪೆಟ್ಟಿಗೆಯನ್ನು ತಂದವನ ಫೋನು ಎಂಟುಪಟ್ಟು ವೇಗವನ್ನು ಕಾಣಲಾರದು.

ಭಾರತದಲ್ಲಿ ಈ ಯಂತ್ರದ ಗೃಹಪ್ರವೇಶಕ್ಕೆ ಎರಡು ಬಾಗಿಲು ತೆರೆಯಬೇಕಾಗಿದ್ದಿತು. ಸಾರ್ವಜನಿಕರಿಗೆ 1995ರ ಆಗಸ್ಟ್ 15ರಂದು ಬಂದ ಅಂತರ್ಜಾಲವು ಬಹುಕಾಲ ದೂರವಾಣಿಯ ಡಯಲ್-ಅಪ್ ಆಗಿಯೇ ಉಳಿದು, ಒಂದೇ ಕಂಪ್ಯೂಟರಿಗೆ ಸಾಲದಷ್ಟಿತ್ತು. 2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿಯು 256 ಕಿಲೋಬಿಟ್ಟನ್ನು ಕನಿಷ್ಠ ವೇಗವೆಂದು ನಿಗದಿಮಾಡಿದ ಮೇಲೆ ಮನೆಗಳಿಗೆ ಸದಾ ತೆರೆದಿರುವ ಸಂಪರ್ಕ ಬರತೊಡಗಿತು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ಬ್ಯಾಂಡಿನ ಅಲ್ಪಬಲದ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡುವ ನಿಯಮಗಳನ್ನು ಹೊರಡಿಸಿತು. 5 ಗಿಗಾಹರ್ಟ್ಸ್‌ನ ಬಳಕೆಯು ಮೊದಲು ಕಟ್ಟಡದೊಳಗಿನ ಉಪಯೋಗಕ್ಕೆ ಸೀಮಿತವಾಗಿದ್ದು, 2018ರ ಅಕ್ಟೋಬರಿನಲ್ಲಿ ವಿಸ್ತಾರವಾಗಿ ತೆರೆಯಲ್ಪಟ್ಟಿತು. 6 ಗಿಗಾಹರ್ಟ್ಸ್ ಬ್ಯಾಂಡಿನ ಕೆಳಭಾಗವನ್ನು ಬಿಡುಗಡೆಮಾಡುವ ಕರಡು ನಿಯಮಗಳು 2025ರ ಮೇ ತಿಂಗಳಲ್ಲಿ ಪ್ರಕಟವಾದುವು.

ಈ ತೆರವಿನ ಬೆಲೆಯನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣಬಹುದು. 2.4 ಗಿಗಾಹರ್ಟ್ಸ್ ಬ್ಯಾಂಡಿನ ಒಟ್ಟು ಅಗಲ 83.5 ಮೆಗಾಹರ್ಟ್ಸ್, ಒಂದು ಸಂಪರ್ಕಕ್ಕೆ ಸುಮಾರು 20 ಬೇಕಾಗುವುದರಿಂದ, ಒಂದನ್ನೊಂದು ಮುಟ್ಟದ ಚಾನೆಲುಗಳು 1, 6, 11 ಎಂಬ ಮೂರೇ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮನೆಗಳಿರುವ ಕಟ್ಟಡದಲ್ಲಿ ಮೂರು ಚಾನೆಲುಗಳನ್ನು ಹತ್ತಾರು ರೌಟರುಗಳು ಹಂಚಿಕೊಳ್ಳುತ್ತಿರುವಾಗ, ಒಬ್ಬನು ಹೆಚ್ಚು ಬಲದ ಪೆಟ್ಟಿಗೆಯನ್ನು ತಂದರೆ ನೆರೆಯವನೂ ತರುತ್ತಾನೆ. ಇಬ್ಬರಿಗೂ ಮೊದಲಿಗಿಂತ ಹೆಚ್ಚೇನೂ ಸಿಕ್ಕುವುದಿಲ್ಲ. ಅಲ್ಲಿ 5 ಗಿಗಾಹರ್ಟ್ಸ್ ಗೋಡೆಯನ್ನು ಅಷ್ಟಾಗಿ ತೂರದಿರುವುದು ದೋಷವಾಗದೆ ಗುಣವೇ ಆಗುತ್ತದೆ: ತನ್ನ ಮಾತು ತನ್ನ ಮನೆಯೊಳಗೇ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕರಾವಳಿಯ ಜಂಬಿಟ್ಟಿಗೆಯ ಗೋಡೆಗಳ ದೊಡ್ಡಮನೆಯಲ್ಲಿ, ನೆರೆಯವರೇ ದೂರದಲ್ಲಿರುವ ತೋಟದ ನಡುವೆ, ಹಳೆಯ 2.4 ಗಿಗಾಹರ್ಟ್ಸೇ ಹೆಚ್ಚು ದೂರ ಬಾಳಿಕೆಗೆ ಬರುತ್ತದೆ. ಒಂದೇ ಯಂತ್ರ ಎಲ್ಲರಿಗೂ ಉತ್ತಮವೆಂದು ಹೇಳುವುದು ಇದರಿಂದ ಅಸಾಧ್ಯ.

ಈಚಿನ ವರ್ಷಗಳಲ್ಲಿ ಆಯ್ಕೆಯೇ ಗೃಹಸ್ಥನ ಕೈಜಾರುತ್ತಿದೆ. ಫೈಬರ್ ಲೈನು ಎಳೆಯುವವರೇ ಪೆಟ್ಟಿಗೆಯನ್ನೂ ತಂದು ಗೋಡೆಗೆ ಬಡಿದು ಹೋಗುತ್ತಾರೆ. ಅದರ ಒಳಗನ್ನು ತಿದ್ದುವ ಅಧಿಕಾರ ಅನೇಕ ವೇಳೆ ಮನೆಯವರಿಗಿರುವುದಿಲ್ಲ. ಕಾರ್ಖಾನೆ ಇಟ್ಟ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟ ಇಂಥ ರೌಟರುಗಳನ್ನೂ ಕ್ಯಾಮೆರಾಗಳನ್ನೂ 2016ರಲ್ಲಿ 'ಮಿರಾಯಿ' ಎಂಬ ದುಷ್ಟ ತಂತ್ರಾಂಶವು ಲಕ್ಷಗಟ್ಟಲೆಯಾಗಿ ವಶಪಡಿಸಿಕೊಂಡು, ಅಕ್ಟೋಬರಿನ ಒಂದು ದಿನ ಅಮೆರಿಕದಲ್ಲಿ ಪ್ರಸಿದ್ಧ ಜಾಲತಾಣಗಳು ತೆರೆಯದಂತೆ ಮಾಡಿದ ಸಂಗತಿ, ಯಜಮಾನನಿಲ್ಲದ ಬಾಗಿಲಿನಿಂದ ಊರಿಗೆಲ್ಲ ಒದಗುವ ಕೇಡನ್ನು ತೋರಿಸಿತು.

ಆದುದರಿಂದ ಕೊಳ್ಳಹೊರಟವನು ಮೊದಲು ವಿಚಾರಿಸಬೇಕಾದುದು, ಈ ಪೆಟ್ಟಿಗೆಗೆ ತಯಾರಕನು ಎಷ್ಟು ವರ್ಷ ದುರಸ್ತಿಯ ಅಪ್‌ಡೇಟುಗಳನ್ನು ಕಳುಹಿಸುತ್ತಾನೆ ಮತ್ತು ಅವನು ಕೈಬಿಟ್ಟ ಮೇಲೆ ಮತ್ತೊಂದು ತಂತ್ರಾಂಶವನ್ನು ಹಾಕಲು ಸಾಧ್ಯವೆ ಎಂಬುದನ್ನು. ಎರಡನೆಯದಾಗಿ, ಬೀಗವು ಡಬ್ಲ್ಯುಪಿಎ ಮೂರನೆಯ ರೂಪದ್ದೇ ಎಂಬುದನ್ನು. ಮೂರನೆಯದಾಗಿ, ತನ್ನ ಗೋಡೆಗಳಿಗೂ ನೆರೆಹೊರೆಗೂ ತಕ್ಕಂತೆ ಎರಡೂ ಬ್ಯಾಂಡುಗಳಿವೆಯೆ ಎಂಬುದನ್ನು. ವೇಗದ ಅಂಕಿ ತನ್ನ ಲೈನಿನ ವೇಗಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಹೀಗೆ ಕೊಂಡ ಸಾಧಾರಣ ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಉಕ್ಕಿನ ಬೀರುವಿನಿಂದ ದೂರವಾಗಿ, ಎತ್ತರದಲ್ಲಿಟ್ಟು, ಉಳಿದ ಹಣದಲ್ಲಿ ಸ್ಥಾವರವಾಗಿರುವ ಟಿವಿಗೂ ಮೇಜಿನ ಕಂಪ್ಯೂಟರಿಗೂ ಒಂದೊಂದು ಲ್ಯಾನ್ ಕೇಬಲ್ ಎಳೆಸುವುದು ಲೇಸು; ತಂತಿಯ ಮೇಲೆ ಹೋಗಬಲ್ಲುದು ತಂತಿಯ ಮೇಲೆಯೇ ಹೋದಷ್ಟೂ, ತಂತಿಯಿಂದ ಆಗದ ಕೆಲಸಗಳಿಗೆ ತನ್ನ ಮನೆಯಲ್ಲಿಯೂ ಪಕ್ಕದ ಮನೆಯಲ್ಲಿಯೂ ಗಾಳಿ ತೆರವಾಗಿರುತ್ತದೆ.